ಕೊನೆಯ ಬಿಗಿ

ಗಿರಾಕಿಗಳು ಅವನನ್ನು ಚಿಕ್ಕ ಮೇಸ್ತ್ರಿ ಎನ್ನುತ್ತಿದ್ದರು, ಅವನ ಅಣ್ಣನನ್ನು ದೊಡ್ಡ ಮೇಸ್ತ್ರಿ. ಇಬ್ಬರಿಗೂ ಒಂದೇ ಗ್ಯಾರೇಜು, ಒಂದೇ ಜಾಕು; ಮಾತು ಮಾತ್ರ ಇಲ್ಲ. ಹಿಂದಿನ ವರ್ಷ ನಾಲ್ಕು ಜನರ ಮುಂದೆ ಅಣ್ಣ, "ಇವನು ಮುಟ್ಟಿದ ಗಾಡಿ ಊರು ಸೇರಲ್ಲ" ಅಂದಿದ್ದ. ಅಂದಿನಿಂದ ಚಿಕ್ಕವನಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ಕೆಲಸದ ಮಾತೇನಿದ್ದರೂ ಇಬ್ಬರೂ ಗೋಡೆಗೆ ಹೇಳುತ್ತಿದ್ದರು. ಗೋಡೆಗೆ ಇಬ್ಬರಿಗಿಂತ ತಾಳ್ಮೆ ಹೆಚ್ಚು.

ಅವತ್ತು ಪಕ್ಕದ ಮನೆಯ ಟ್ಯಾಕ್ಸಿಯವನ ಕಾರು ಬಂತು. ತಿರುವಿನಲ್ಲಿ ಮುಂದಿನ ಚಕ್ರ ಕಟಕಟ ಎನ್ನುತ್ತಿತ್ತು. ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟು ಸವೆದಿತ್ತು. ಸಂಜೆ ಅದೇ ಕಾರಿನಲ್ಲಿ ಇವರ ಅಮ್ಮ ತನ್ನ ತಂಗಿಯ ಮನೆಗೆ ಹೊರಡುವವಳಿದ್ದಳು.

ಚಿಕ್ಕವನು ಹಳೆ ಶಾಫ್ಟು ಕಿತ್ತು, ಹೊಸದನ್ನು ಗೇರ್‌ಬಾಕ್ಸಿನೊಳಗೆ ಟಕ್ ಎನ್ನುವವರೆಗೆ ನೂಕಿದ. ತುದಿಯ ದೊಡ್ಡ ನಟ್ಟನ್ನು ಕೈಯಲ್ಲೇ ತಿರುಗಿಸಿ, ಚಕ್ರ ಹಾಕಿ, ಗಾಡಿ ಇಳಿಸಿದ. ಉಳಿದದ್ದು ಕೊನೆಯ ಬಿಗಿ. ಒಬ್ಬ ಒಳಗೆ ಕೂತು ಬ್ರೇಕ್ ಒತ್ತಬೇಕು; ಇನ್ನೊಬ್ಬ ಉದ್ದ ಹಿಡಿಯ ಪಾನಾದಿಂದ ನಟ್ಟು ಬಿಗಿದು, ಬಿಚ್ಚದ ಹಾಗೆ ಅದರ ಅಂಚಿಗೆ ಉಳಿಯೇಟು ಹಾಕಬೇಕು. ಆ ಬಿಗಿ ದೊಡ್ಡವನದು, ಅಪ್ಪ ಇದ್ದಾಗಿನ ಪದ್ಧತಿ. ಗೋಡೆಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಬೆಳಿಗ್ಗೆ ಅಣ್ಣ ಅವನು ಇಟ್ಟಿದ್ದ ಜಾಕನ್ನು ಕಾಲಲ್ಲಿ ಒದ್ದು ಸರಿಸಿದ್ದ. 'ಕಣ್ಣಿಲ್ವಾ ಅವನಿಗೆ, ನೋಡ್ಕೊಳ್ಳಲಿ' ಎಂದುಕೊಂಡು ಚಿಕ್ಕವನು ಚಹಾ ಕುಡಿಯಲು ಹೋದ.

ಬಂದು ನೋಡಿದರೆ ಕಾರಿಲ್ಲ. ಪಾನಾ ಅವನಿಟ್ಟಲ್ಲೇ ಬಿದ್ದಿತ್ತು. ಉಳಿ ಗೋಡೆಯ ಮೊಳೆಯಿಂದ ಇಳಿದೇ ಇರಲಿಲ್ಲ. ಅಮ್ಮ ಆ ಕಾರಿನಲ್ಲಿ ಹೊರಟೇಬಿಟ್ಟಿದ್ದಳು.

"ಅಣ್ಣಾ! ನಟ್ಟು ಬಿಗಿದ್ಯಾ?"

"ಯಾಕೆ, ನೀನು ಬಿಗಿದಿಲ್ವಾ? ಚಕ್ರ ಹಾಕಿ ಇಳಿಸಿದ್ದೆಯಲ್ಲೋ! ಸೊಕ್ಕಿಗೆ ನೀನೇ ಮುಗಿಸಿದೀಯ ಅಂದ್ಕೊಂಡೆ!"

ಟ್ಯಾಕ್ಸಿಯವನು ಫೋನ್ ಎತ್ತಲಿಲ್ಲ. ಪಾನಾ, ಉಳಿ, ಸುತ್ತಿಗೆ ಹಿಡಿದು ಇಬ್ಬರೂ ಒಂದೇ ಸ್ಕೂಟರ್ ಹತ್ತಿದರು. ವರ್ಷವಿಡೀ ನುಂಗಿಕೊಂಡಿದ್ದ ಬೈಗುಳವೆಲ್ಲ ದಾರಿಯುದ್ದಕ್ಕೂ ಹೊರಬಂತು. ಚಿಕ್ಕವನು ಬೈಯುತ್ತಲೇ ಅಳುತ್ತಿದ್ದ.

ಇಳಿಜಾರು ಶುರುವಾಗುವಲ್ಲೇ ಕಾರು ನಿಂತಿತ್ತು. ಮೇಸ್ತ್ರಿಯ ಹೆಂಡತಿಯಾಗಿ ಬಾಳಿದವಳು ಅಮ್ಮ. ಚಕ್ರದ ಅಲ್ಲಾಟ ಕೇಳಿಸಿದ್ದೇ ತಡ, ಗಾಡಿ ನಿಲ್ಲಿಸಲು ಹೇಳಿ ಇಳಿದಿದ್ದಳು.

"ಇದನ್ನ ಯಾರು ಬಿಗೀಬೇಕಿತ್ತು?"

ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

"ಅಂತೂ ಒಟ್ಟಿಗೆ ಬಂದ್ರಲ್ಲ. ಈ ಇಳಿಜಾರು ಇಳಿದಿದ್ರೆ ನಂಗೆ ಹೆಗಲು ಕೊಡೋಕೂ ಹೀಗೇ ಒಟ್ಟಿಗೆ ಬರ್ತಿದ್ರಿ."

ಚಿಕ್ಕವನು ಒಳಗೆ ಕೂತು ಬ್ರೇಕ್ ಒತ್ತಿದ. ಅಣ್ಣ ಬಿಗಿದು ಉಳಿಯೇಟು ಹಾಕಿದ, ಮತ್ತೆ ಮತ್ತೆ ಮುಟ್ಟಿ ನೋಡಿದ.

"ಆಯ್ತಮ್ಮಾ, ಹತ್ತು," ಅಂದರು ಇಬ್ಬರೂ.

ಅಮ್ಮ ಚೀಲ ತೆಗೆದುಕೊಂಡು ನಡೆದೇ ಹೊರಟಳು.