ಐಸ್‌ಕ್ರೀಮ್ ಗಾಡಿ ಸುತ್ತಿ ಬಂದ ಕುದುರೆ ಓಟ

ಕಳೆದ ಭಾನುವಾರ ನಮ್ಮ ಕಡೆಯ ಕುದುರೆ ಓಟದಲ್ಲಿ ಎಲ್ಲಕ್ಕಿಂತ ಮುಂದೆ ಓಡುತ್ತಿದ್ದ ಕುದುರೆ, ಅರ್ಧ ದಾರಿಯಲ್ಲಿ ನಿಂತಿದ್ದ ಐಸ್‌ಕ್ರೀಮ್ ಗಾಡಿಯನ್ನು ಕಂಡಿತು. ಕಂಡದ್ದೇ ತಡ, ಗಾಡಿಗೆ ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ವಾಪಸ್ ಬಂತು.

ಹಿಂದಿದ್ದ ಮೂರು ಕುದುರೆಗಳೂ ಹಾಗೆಯೇ ಸುತ್ತಿದವು, ಹಾಗೆಯೇ ಬಂದವು. ಜನ ಕುರ್ಚಿ ಹತ್ತಿ ಕುಣಿದರು. (ಕುರ್ಚಿಗಳು ನನ್ನವು. ಆ ಸಂಕಟ ಬೇರೆ.)

ನಗುವುದಿದ್ದರೆ ಈಗಲೇ ನಕ್ಕುಬಿಡಿ. ನಾನೂ ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಅದೇ ಮರಳಿನ ಮೇಲೆ ನಿಂತಿದ್ದಾಗ, ಈ ಓಟಕ್ಕೆ ಜನ ಯಾಕೆ ಬರುತ್ತಿಲ್ಲ ಅನ್ನುವುದು ಹೊಳೆಯಿತು.

ಹೊರಗಿನ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಕುಮಟಾದ ಬಾಡದ ಕಡೆಯ ಕಡಲ ದಂಡೆಯಲ್ಲಿ ವರ್ಷಕ್ಕೊಮ್ಮೆ, ನೀರು ಇಳಿದು ಮರಳು ಗಟ್ಟಿಯಾಗಿರುವ ಹೊತ್ತು ನೋಡಿ, ಈ ಓಟ ನಡೆಯುತ್ತದೆ. ಒಂದು ಕಾಲಕ್ಕೆ ಅತ್ತ ಭಟ್ಕಳದಿಂದ, ಇತ್ತ ತದಡಿಯಿಂದ ಜನ ಬರುತ್ತಿದ್ದರು. ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆಗ ನಾನು ಯಾರದೋ ಶಾಮಿಯಾನದ ಬಿದಿರು ಹೊರುವ ಕೂಲಿ. ಈಗ ಹೊನ್ನಾವರದಲ್ಲಿ ನನ್ನದೇ ಶಾಮಿಯಾನದ ಅಂಗಡಿ ಇದೆ. ನಾನು ಮೇಲೆ ಬಂದೆ, ಓಟ ಕೆಳಗೆ ಹೋಯಿತು. ಊರಿನ ಉತ್ಸಾಹ ಅಳೆಯಲು ನನ್ನ ಹತ್ತಿರ ಇರುವ ಮೀಟರ್ ಒಂದೇ, ಕುರ್ಚಿ ಆರ್ಡರ್. ಅದು ವರ್ಷ ವರ್ಷ ಇಳಿಯುತ್ತಲೇ ಇತ್ತು.

ಈ ವರ್ಷ ಓಟದ ಕಮಿಟಿಯ ಅಧ್ಯಕ್ಷ ದೇವಣ್ಣ ಅಂಗಡಿಗೆ ಬಂದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಪಿಸುಗುಟ್ಟಿದರೂ ಹಿಂದಿನ ಸೀಟಿಗೆ ಕೇಳಿಸಬೇಕು, ಅಂಥ ಗಂಟಲು.

“ಈ ಸಲ ಅರ್ಧ ಕುರ್ಚಿ ಸಾಕು ಮಾರಾಯಾ.”

“ಎಂತಕ್ಕೆ ದೇವಣ್ಣ?”

“ಕೂತ್ಕಳೂಕೆ ಜನ ಬೇಕಲ್ಲ! ಹೋದ ವರ್ಷ ಮುಂದಿನ ಸಾಲಲ್ಲಿ ನಾಯಿ ಮಲಗಿತ್ತು. ಈ ಸಲನೂ ಹಂಗೇ ಆದ್ರೆ ಓಟ ಬಂದ್. ಕಮಿಟಿಯವ್ರೆಲ್ಲ ಮಾತಾಡಿ ಆತು.”

ದೇವಣ್ಣನ ಗಂಟಲು ಅವತ್ತೊಂದು ದಿನ ಮಾತ್ರ ಹಿಂದಿನ ಸೀಟಿಗೆ ಕೇಳಿಸುವಂತಿರಲಿಲ್ಲ.

ಜನ ಯಾಕೆ ಬರುವುದಿಲ್ಲ? ಕಮಿಟಿಯವರನ್ನು ಕೇಳಿದರೆ ಮೊಬೈಲ್ ಅನ್ನುತ್ತಾರೆ, ರೀಲ್ಸ್ ಅನ್ನುತ್ತಾರೆ, ಕ್ರಿಕೆಟ್ ಅನ್ನುತ್ತಾರೆ. ನಾನು ವ್ಯಾಪಾರಿ, ನನಗೆ ಈ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಗಿರಾಕಿ ಬರಲಿಲ್ಲವೆಂದು ಗಿರಾಕಿಯನ್ನೇ ಬೈಯುವ ಅಂಗಡಿ ಎಷ್ಟು ದಿನ ನಡೆದೀತು? ಅದೇ ದಂಡೆಗೆ ಭಾನುವಾರ ಸಂಜೆ, ಯಾವ ಕಾರ್ಯಕ್ರಮವೂ ಇಲ್ಲದೆ, ಸುಮ್ಮನೆ ಸೂರ್ಯ ಮುಳುಗುವುದನ್ನು ನೋಡಲು ಜನ ಬರುತ್ತಾರೆ. ಸೂರ್ಯ ದಿನಾ ಮುಳುಗುತ್ತಾನೆ, ಕುದುರೆ ವರ್ಷಕ್ಕೊಮ್ಮೆ ಓಡುತ್ತದೆ. ಆದರೂ ಗೆಲ್ಲುವುದು ಸೂರ್ಯ. ಹಾಗಾದರೆ ತಪ್ಪು ಸರಕಿನಲ್ಲೋ, ತೋರಿಸುವ ರೀತಿಯಲ್ಲೋ?

ನನಗೆ ಆಗ ಗೊತ್ತಿದ್ದ ತಪ್ಪು ಒಂದೇ, ಭಾಷಣ. ಕಳೆದ ವರ್ಷ ಸ್ವಾಗತ, ಸನ್ಮಾನ, ಅತಿಥಿಗಳ ನಾಲ್ಕು ಮಾತು (ಯಾರೂ ನಾಲ್ಕೇ ಆಡುವುದಿಲ್ಲ) ಎಲ್ಲ ಮುಗಿಯುವಷ್ಟರಲ್ಲಿ ಸಮುದ್ರ ಏರಿ ಬಂದು ಕುದುರೆಗಳು ಮೊಣಕಾಲು ನೀರಿನಲ್ಲಿ ಓಡಿದ್ದವು. ನಾನು ಅಲ್ಲೇ ಚೌಕಾಸಿಗೆ ಕುಳಿತೆ.

“ದೇವಣ್ಣ, ಭಾಷಣ ಇಲ್ಲ ಅಂದ್ರೆ ಕುರ್ಚಿ ಅರ್ಧ ಬಾಡಿಗೆಗೆ. ಒಂದೊಂದು ಭಾಷಣಕ್ಕೆ ಒಂದೊಂದು ಸಾಲಿನ ಬಾಡಿಗೆ ಡಬಲ್.”

ದೇವಣ್ಣ ಬೆರಳು ಮಡಚಿ ಲೆಕ್ಕ ಹಾಕಿದರು. “ಸ್ವಾಗತ ಒಂದು ಇರ್ಲಿ. ಉಳಿದದ್ದೆಲ್ಲ ಕ್ಯಾನ್ಸಲ್. ಶಾಲು ಹೊದಿಸೂದು?”

“ಮಾತಿಲ್ದೆ ಹೊದಿಸಿದ್ರೆ ಫ್ರೀ.”

ಹೀಗೆ ಭಾನುವಾರ ಬಂತು. ಭಾಷಣ ಇಲ್ಲವೆಂಬ ಸುದ್ದಿ ಹಬ್ಬಿದ್ದಕ್ಕೋ ಏನೋ, ಜನ ಹೋದ ವರ್ಷಕ್ಕಿಂತ ಪರವಾಗಿಲ್ಲ ಅನ್ನುವಷ್ಟು ಸೇರಿದ್ದರು. ಕುದುರೆಗಳು ಐದು. ಈಗ ನಮ್ಮ ಕಡೆ ಓಟಕ್ಕೆಂದೇ ಕುದುರೆ ಸಾಕುವವರು ಯಾರಿದ್ದಾರೆ? ಐದೂ ಪ್ರವಾಸಿಗರನ್ನು ಬೆನ್ನ ಮೇಲೆ ಕೂರಿಸಿಕೊಂಡು ಬೀಚಿನಲ್ಲಿ ಒಂದು ರೌಂಡ್ ಹಾಕಿ, ಫೋಟೋಗೆ ನಿಲ್ಲುವ ಕುದುರೆಗಳೇ.

ಅದರಲ್ಲೊಂದು ಕಾಯ್ಕಿಣಿಯ ಸುರೇಶ ಗೌಡರ ಚಂದ್ರಿ. ಸುರೇಶ ಬೆಳಿಗ್ಗೆ ಗದ್ದೆ, ಸಂಜೆ ಮುರ್ಡೇಶ್ವರದ ಬೀಚು ಎಂದು ಬದುಕುವವರು. ಊರೆಲ್ಲ ಅವರನ್ನು ಕರೆಯುವುದು ‘ಫೋಟೋ ಕುದುರೆಯವ’ ಎಂದು. ಈ ಸಲ ಅವರು ಓಟಕ್ಕಾಗಿ ಸೀಸನ್‌ನಲ್ಲೇ ಬೀಚಿನ ರೌಂಡ್ ನಿಲ್ಲಿಸಿ, ದಿನಾ ಬೆಳಗಿನ ಜಾವ ಯಾರೂ ಇಲ್ಲದ ದಂಡೆಯಲ್ಲಿ ಚಂದ್ರಿಯನ್ನು ನೇರ ಓಡಿಸಿ ಅಭ್ಯಾಸ ಮಾಡಿಸಿದ್ದರು.

“ಸೀಸನ್ ಬಿಟ್ರಲ್ಲ ಗೌಡ್ರೇ, ಹುಚ್ಚಾ?” ಎಂದು ನಾನು ಕೇಳಿದ್ದೆ.

“ಒಂದ್ಸಲ ಗೆಲ್ಬೇಕು. ಗೆದ್ದದ್ದು ಜನ ನೋಡ್ಬೇಕು. ಆಮೇಲೆ ಯಾರಾರೂ ಫೋಟೋ ಕುದ್ರೆಯವ ಹೇಳ್ಲಿ, ನೋಡ್ತೆ.”

ಮುಖ್ಯ ಅತಿಥಿಗಳು ವೇದಿಕೆಯ ಎದುರು ನಿಂತು ಬಾವುಟ ಬೀಸಿದರು. ಫೋಟೋ ಸರಿ ಬರಲಿಲ್ಲವೆಂದು ಇನ್ನೊಮ್ಮೆ ಬೀಸಿದರು. ಕುದುರೆಗಳು ಎರಡನೇ ಬಾವುಟಕ್ಕೆ ಕಾಯದೆ ಹೊರಟಾಗಿತ್ತು.

ಆಮೇಲೆ ಆದದ್ದು ನಿಮಗೆ ಗೊತ್ತು. ಎಲ್ಲಕ್ಕಿಂತ ಮುಂದಿದ್ದದ್ದು ಹೊನ್ನಾವರದ ಮಂಜನ ಸುಲ್ತಾನ್. ಬೀಚಿನ ಕುದುರೆಗೆ ಐಸ್‌ಕ್ರೀಮ್ ಗಾಡಿ ಅಂದರೆ ತಿರುಗುವ ಜಾಗ. ವರ್ಷವಿಡೀ ಅಲ್ಲಿಂದಲೇ ಹೊರಳಿ ಬರುತ್ತದೆ. ಅವತ್ತು ಒಬ್ಬ ಪುಣ್ಯಾತ್ಮ ವ್ಯಾಪಾರ ಆದೀತೆಂದು ಗಾಡಿಯನ್ನು ಅರ್ಧ ದಾರಿಯಲ್ಲಿ ತಂದು ನಿಲ್ಲಿಸಿದ್ದ. ಮಂಜ ಲಗಾಮು ಜಗ್ಗಿ “ಅತ್ಲಾಗೆ ಹೋಗಾ, ಅತ್ಲಾಗೆ!” ಎಂದು ಕೂಗಿದ್ದೇ ಬಂತು. ಸುಲ್ತಾನ್ ನೆಟ್ಟಗೆ ವೇದಿಕೆಯ ಎದುರಿಗೆ ಬಂದು, ಎತ್ತಿ ಹಿಡಿದ ಮೊಬೈಲ್‌ಗಳ ಕಡೆಗೆ ಕತ್ತು ವಾರೆ ಮಾಡಿ ಪೋಸ್ ಕೊಟ್ಟು ನಿಂತಿತು!

ಎಂಥ ಗಲಾಟೆ, ಎಂಥ ಶಿಳ್ಳೆ! ಇಷ್ಟು ವರ್ಷಗಳಲ್ಲಿ ಆ ದಂಡೆಯಲ್ಲಿ ಅಂಥ ಸದ್ದು ನಾನು ಕೇಳಿರಲಿಲ್ಲ.

ಆಗ ದೇವಣ್ಣ ನನ್ನ ತೋಳು ಹಿಡಿದರು. “ಹೋದದ್ದು ಐದು. ಬಂದದ್ದು ನಾಲ್ಕು. ಗೌಡ ಎಲ್ಲಿ?”

ಎಲ್ಲರೂ ಮರೆತಿದ್ದ ದಿಕ್ಕಿಗೆ ತಿರುಗಿ ನೋಡಿದೆ. ದೂರದಲ್ಲಿ, ದಂಡೆಯ ಆಚೆ ತುದಿಯಲ್ಲಿ, ಕಡ್ಡಿಯಷ್ಟು ಸಣ್ಣಗೆ ಒಂದು ಕುದುರೆ. ಅದರ ಮೇಲೆ ಒಬ್ಬ ಮನುಷ್ಯ ಒಂದು ಕೈ ಮೇಲೆತ್ತಿ ಹಿಡಿದಿದ್ದಾನೆ. ಸುರೇಶ ಗೌಡರು ಗೆದ್ದಿದ್ದರು. ಗೆದ್ದದ್ದನ್ನು ನೋಡಿದವರು ಓಟ ಮುಗಿಯುವಲ್ಲಿ ಹಗ್ಗ ಹಿಡಿದು ನಿಂತಿದ್ದ ಇಬ್ಬರೇ. (ಅದರಲ್ಲೂ ಒಬ್ಬ ಸುಲ್ತಾನ್‌ನ ವಿಡಿಯೋ ಮಾಡುತ್ತಿದ್ದನಂತೆ.)

ನನ್ನ ನಗು ಅಲ್ಲಿಗೆ ನಿಂತಿತು.

ಪಕ್ಕದಲ್ಲಿದ್ದವರನ್ನು ಕೇಳಿದೆ, “ಈ ಓಟದಲ್ಲಿ ಕುದುರೆ ಗೆಲ್ಲುವುದನ್ನು ನೀವು ಯಾವಾಗಾದರೂ ಕಂಡಿದ್ದೀರಾ?” ಇಲ್ಲ. ಅವರ ಪಕ್ಕದವರು? ಇಲ್ಲ. ನಾನು? ಬಿದಿರು ಹೊರುವ ಕಾಲದಲ್ಲಿ ಕಂಡಿದ್ದೆ. ಆಗ ಜನ ದಂಡೆಯ ಉದ್ದಕ್ಕೂ ನಿಲ್ಲುತ್ತಿದ್ದರು. ಆಮೇಲೆ ವೇದಿಕೆ ಬಂತು, ಶಾಮಿಯಾನ ಬಂತು, ಕುರ್ಚಿ ಬಂತು, ಜನ ಒಂದೇ ಕಡೆ ಕೂತರು. ಮುಖ್ಯ ಅತಿಥಿ ಬಾವುಟ ಬೀಸಬೇಕಲ್ಲ, ಅದಕ್ಕೆ ಓಟ ವೇದಿಕೆಯ ಎದುರಿನಿಂದ ಶುರುವಾಗಬೇಕು. ಇಲ್ಲಿ ಶುರುವಾದದ್ದು ಎಲ್ಲಿ ಮುಗಿಯಬೇಕು? ಯಾರೂ ಇಲ್ಲದಲ್ಲಿ! ಇಷ್ಟು ವರ್ಷ ನಾವು ಜನರನ್ನು ಕರೆದು, ಕೂರಿಸಿ, ಕುದುರೆಯ ಬಾಲ ತೋರಿಸಿ ಕಳಿಸಿದ್ದೇವೆ. ಸುಲ್ತಾನ್ ತಪ್ಪಿ ನಮ್ಮ ಕಡೆಗೆ ಓಡಿ ಬಂದದ್ದಕ್ಕೆ ಜನ ಮೊದಲ ಸಲ ಕುದುರೆಯ ಮುಖ ಕಂಡರು.

ಅಷ್ಟರಲ್ಲಿ ಸುರೇಶ ಗೌಡರು ಚಂದ್ರಿಯನ್ನು ನಡೆಸಿಕೊಂಡು ಬಂದರು. ಇಲ್ಲಿ ಸುಲ್ತಾನ್ ಜೊತೆ ಸೆಲ್ಫಿಗೆ ಕ್ಯೂ.

“ನಾ ಗೆದ್ದೆ ದೇವಣ್ಣಾ.”

“ಗೊತ್ತಾತು ತಮಾ.”

“ಮೈಕಲ್ಲಿ ಹೇಳಿ.”

ದೇವಣ್ಣ ಹೇಳಿದರು. ಕಪ್ ಕೊಟ್ಟರು. ಚಪ್ಪಾಳೆ ಬಂತು, ಶ್ರದ್ಧಾಂಜಲಿ ಸಭೆಯಲ್ಲಿ ಯಾರೋ ತಪ್ಪಿ ತಟ್ಟಿದಂತೆ. ಗೌಡರು ಕಪ್ಪನ್ನು ಬಾಯಿ ಕೆಳಗೆ ಮಾಡಿ ಹಿಡಿದು ನಿಂತರು. ಆ ಮುಖ ನೋಡಲು ನನ್ನಿಂದ ಆಗಲಿಲ್ಲ.

“ದೇವಣ್ಣ, ಇನ್ನೊಂದು ಓಟ ಇಡುವ,” ಅಂದೆ. “ಆಚೆ ತುದಿಯಿಂದ ಈಚೆಗೆ. ಜನರ ಎದುರಿಗೆ ಮುಗಿಯಲಿ.”

“ನೀರು ಏರೂಕೆ ಹಿಡಿದದೆ ಮಾರಾಯಾ!”

“ಅದಕ್ಕೇ ಈಗ್ಲೇ.”

ಓಟಕ್ಕೆಂದು ಬಂದಿದ್ದ ಪಶು ವೈದ್ಯರು ಕುದುರೆಗಳನ್ನು ನೋಡಿ, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಓಡಿಸಬಹುದು ಅಂದರು. ಮಂಜ ತಯಾರು. ಉಳಿದ ಮೂವರೂ ತಯಾರು. ಸುರೇಶ ಗೌಡರು ಮಾತ್ರ ಕದಲಲಿಲ್ಲ.

“ಗೆದ್ದವ ನಾನು. ಮತ್ತೆ ಎಂತಕ್ಕೆ ಓಡೂದು? ಸೋತ್ರೆ?”

“ಕಪ್ ನಿಮ್ಮದೇ. ಯಾರೂ ಮುಟ್ಟೂದಿಲ್ಲ. ಇದು ಬರೀ ಜನಕ್ಕೆ.”

“ನಾ ಗೆಲ್ಲೂವಾಗ ನಿಮ್ ಜನ ಬೆನ್ನು ಹಾಕ್ಕಂಡು ನಿಂತಿದ್ರು. ನೀವೂ ನಿಂತಿದ್ರಿ.”

ಹೌದು, ನಿಂತಿದ್ದೆ. ಜೀವನದಲ್ಲಿ ಬಾಯಿ ಮಾತಿನಿಂದಲೇ ಅಂಗಡಿ ಕಟ್ಟಿದವನು ನಾನು. ಅವತ್ತು ಕೈ ಮುಗಿದೆ.

“ಅದಕ್ಕೇ ಕೇಳೂದು ಗೌಡ್ರೇ. ಒಂದ್ಸಲ ತೋರ್ಸಿ.”

ಅವರು ಚಂದ್ರಿಯ ಕುತ್ತಿಗೆ ಸವರಿದರು. “ಆತು. ಆದ್ರೆ ಬಾವುಟ ಬೀಸೂವವ್ರು ಆ ತುದಿಗೆ ಬರ್ಬೇಕು. ಮರಳಲ್ಲಿ ನಡ್ದು ಬರ್ಬೇಕು.”

ಮುಖ್ಯ ಅತಿಥಿಗಳು ಫೋಟೋ ಆದ ಕೂಡಲೇ ಇನ್ನೊಂದು ಉದ್ಘಾಟನೆಗೆ ಹೊರಟುಹೋಗಿದ್ದರು. ಕಮಿಟಿಯವರಲ್ಲಿ ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಫೋನ್ ಬಂತು.

“ಐಡಿಯಾ ಯಾರದ್ದು? ಅವ್ರೇ ಹೋಗ್ಲಿ!” ಎಂದು ಮಂಜ ಕೂಗಿದ.

ಚೌಕಾಸಿಯಲ್ಲಿ ನಾನು ಸೋತದ್ದು ಕಡಿಮೆ. ಅವತ್ತು ಸೋತೆ.

ಹೊರಡುವ ಮೊದಲು ಎರಡು ಕೆಲಸ ಮಾಡಿಸಿದೆ. (ಸಲಹೆ ಬೇಕಿದ್ದವರು ಬರೆದುಕೊಳ್ಳಿ.) ಶಾಮಿಯಾನದ ಬಿದಿರು ಬಿಚ್ಚಿ, ಜನರಿಗೂ ಕುದುರೆಗೂ ನಡುವೆ ಉದ್ದಕ್ಕೆ ಬೇಲಿ ಕಟ್ಟಿಸಿದೆ. ಐಸ್‌ಕ್ರೀಮ್ ಗಾಡಿಯವನನ್ನು ಒಪ್ಪಿಸಿ ಗಾಡಿಯನ್ನು, ಈಗ ವೇದಿಕೆಯ ಎದುರು ಹಿಡಿಯುವ ಕೊನೆಯ ಹಗ್ಗಕ್ಕಿಂತ ಬಹಳ ಆಚೆ ನಿಲ್ಲಿಸಿದೆ. ಕುದುರೆಗಳು ಗಾಡಿ ನೋಡಿಯೇ ಓಡುವುದಾದರೆ ಹಗ್ಗ ದಾಟಿಯೇ ಓಡಲಿ!

ಆ ತುದಿಗೆ ತಲುಪುವಷ್ಟರಲ್ಲಿ ನನಗೆ ಏದುಸಿರು. ಸಾಲಾಗಿ ನಿಂತ ಐದು ಕುದುರೆಗಳೂ ಊರಿನ ಕಡೆ ಮುಖ ಮಾಡಿ ಕಾಲು ಕೆರೆಯುತ್ತಿದ್ದವು. ಅಲೆ ಬಂದು ನನ್ನ ಚಪ್ಪಲಿ ನೆನೆಸಿತು. ಬಾವುಟ ಬೀಸಿದೆ.

ನನಗೆ ಕಂಡದ್ದು ಮರಳು, ನೀರು ಮತ್ತು ಬಾಲ. ಆದರೆ ಕೇಳಿಸಿತು! ಮೊದಲು ಒಂದು ಗುಂಯ್‌ಗುಡುವ ಸದ್ದು, ಅದು ಏರುತ್ತ ಏರುತ್ತ ಹೋಗಿ, ಕೊನೆಗೆ ಇಡೀ ದಂಡೆಯೇ ಬಾಯಿ ತೆರೆದು ಕೂಗಿದಂತೆ. ನಾನು ಒಬ್ಬನೇ ಅಲ್ಲಿ ನಿಂತು ಹುಚ್ಚನ ಹಾಗೆ ಕುಣಿದೆ. ಯಾರು ಗೆದ್ದರು? ಗೊತ್ತಿಲ್ಲ. ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಓಡೋಡಿ ಬಂದರೆ ಅಲ್ಲಿ ಜಗಳ. “ಸುಲ್ತಾನ್ ಮೂಗು ಮುಂದಿತ್ತು!” “ಎಂತ ಮುಂದಿತ್ತು? ಚಂದ್ರಿ ಕತ್ತೇ ಮುಂದಿತ್ತು!” ಮೊಬೈಲ್ ಮೊಬೈಲಿಗೆ ತಾಗಿಸಿ ವಿಡಿಯೋ ತೋರಿಸುತ್ತಿದ್ದಾರೆ. ಒಂದರಲ್ಲಿ ಸುಲ್ತಾನ್ ಗೆದ್ದಿದೆ, ಇನ್ನೊಂದರಲ್ಲಿ ಚಂದ್ರಿ. ಬಾಡದ ಮೀನು ಮಾರುವ ಒಬ್ಬ ಅಮ್ಮ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಎಲ್ಲರ ನಡುವೆ ನುಗ್ಗಿ, “ಚಂದ್ರಿ ಸುರೇಶಂದೇ ಮುಂದೆ! ನಾ ಕಣ್ಣಾರೆ ಕಂಡಿದ್ದೆ!” ಅಂದರು.

ಕಣ್ಣಾರೆ ಕಂಡಿದ್ದೆ. ಎಷ್ಟು ವರ್ಷವಾಗಿತ್ತು ಈ ಮಾತು ಆ ದಂಡೆಯಲ್ಲಿ ಕೇಳದೆ! ಅದೂ ಫೋಟೋ ಕುದುರೆಯವ ಅಲ್ಲ, ಚಂದ್ರಿ ಸುರೇಶ. ಗೌಡರು ಕೇಳಿಸದವರ ಹಾಗೆ ಕುದುರೆಯ ಬೆನ್ನು ಒರೆಸುತ್ತಿದ್ದರು. ಒರೆಸಿದಲ್ಲೇ ಒರೆಸುತ್ತಿದ್ದರು.

ದೇವಣ್ಣನ ಗಂಟಲು ವಾಪಸ್ ಬಂದಿತ್ತು. “ಜಗಳ ಹತ್ತಿತೋ! ನಮ್ಮ ಓಟಕ್ಕೆ ಜಗಳ ಹತ್ತಿತು!”

ಮರುದಿನ ಕಮಿಟಿ ಕೂತಿತು. ಓಟ ಬಂದ್ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ವರ್ಷದಿಂದ ಆಚೆ ತುದಿಯಲ್ಲಿ ಶುರು, ಜನರ ಎದುರು ಮುಕ್ತಾಯ ಎಂದು ಎಲ್ಲರೂ ಮೇಜು ಕುಟ್ಟಿ ಒಪ್ಪಿದರು. ಹಾಗಾದರೆ ಅಲ್ಲಿ ಬಾವುಟ ಬೀಸುವ ಮುಖ್ಯ ಅತಿಥಿ ಯಾರು ಎಂದು ನಾನು ಕೇಳಿದೆ. ಮೇಜು ಕುಟ್ಟಿದ ಕೈಗಳೆಲ್ಲ ಕೆಳಗಿಳಿದವು. ಅತಿಥಿ ವೇದಿಕೆಯಲ್ಲೇ ಬೀಸಲಿ, ಆಚೆ ತುದಿಗೆ ಫೋನ್ ಮಾಡಿ ಹೇಳಿದರಾಯಿತು ಎಂದು ಒಬ್ಬರು ಸೂಚಿಸಿದರು. ಆ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಓಟ ಉಳಿಯಬೇಕು ಅನ್ನುವವರೆಲ್ಲ ಕೈ ಎತ್ತಿದ್ದೀರಿ, ಸಂತೋಷ. ಫೋಟೋಗ್ರಾಫರ್ ಬಾರದ ಆ ತುದಿಗೆ ನಡೆದು ಹೋಗಲು ನಿಮ್ಮಲ್ಲಿ ಯಾರು ತಯಾರಿದ್ದೀರಿ?