ಭಜನೆ ಮಂಡಳಿಗೆ ಹಂಚಿದ ಮಾತ್ರೆ

ಹದಿನಾಲ್ಕು ದಿನಕ್ಕೆಂದು ಬರೆದುಕೊಟ್ಟ ಟ್ರಮಡಾಲ್ ಎಂಬ ನೋವಿನ ಮಾತ್ರೆ ಒಂಬತ್ತನೇ ದಿನಕ್ಕೇ ಖಾಲಿ ಅಂತ ಸರೋಜಮ್ಮ ಅತ್ತಿಗುಪ್ಪೆಯ ನನ್ನ ಕ್ಲಿನಿಕ್ಕಿಗೆ ಬಂದರು. ನಿವೃತ್ತ ಟೀಚರ್, ಎಷ್ಟೋ ವರ್ಷದ ಬೆನ್ನುನೋವು. ಅಫೀಮಿನ ವಂಶದ ಮಾತ್ರೆ ಅದು, ಚಟ ಹಿಡಿಸಬಹುದು; ಮುಜುಗರವಾದರೂ ಕೇಳಲೇಬೇಕು.

"ಜಾಸ್ತಿ ತಗೊಂಡ್ರಾ?"

"ನಾನಾ? ವಾರಕ್ಕೆ ಎರಡು ತಗೊಂಡ್ರೆ ಹೆಚ್ಚು. ಉಳಿದಿದ್ದು ನಮ್ಮ ಭಜನೆಯೋರಿಗೆ ಕೊಟ್ಟೆ. ಪದ್ಮಂಗೆ ಮಂಡಿನೋವು, ಪಾಪ."

"ಪದ್ಮ ಬೇರೆ ಮಾತ್ರೆ ಏನಾದ್ರೂ ತಗೋತಾರಾ?"

"ನಿದ್ದೆ ಮಾತ್ರೆ ಒಂದೇ."

ಎರಡೂ ಸೇರಿದರೆ ಉಸಿರೇ ನಿಧಾನವಾಗಬಹುದು. ಅಲ್ಲೇ ಪದ್ಮ ಅವರಿಗೆ ಫೋನ್ ಮಾಡಿಸಿದೆ. ಬಹಳ ಹೊತ್ತು ರಿಂಗಾಗಿ, ಕೊನೆಗೆ ತೊದಲು ದನಿ ಬಂತು: "ಏನ್ ಮಾತ್ರೇನೇ ಅದು, ಕೂತಲ್ಲೇ ತೂಕಡಿಸ್ತಾ ಇದೀನಿ."

ಫೋನನ್ನು ಪದ್ಮ ಅವರ ಸೊಸೆಗೆ ಕೊಡಿಸಿ, ಅವಳಿಗೆ ಹೇಳಿ ತಕ್ಷಣ ಆಸ್ಪತ್ರೆಗೆ ಕಳಿಸಿದೆ. ಸುದ್ದಿ ಬರುವವರೆಗೂ ಸರೋಜಮ್ಮ ಕುರ್ಚಿ ಬಿಟ್ಟು ಏಳಲಿಲ್ಲ; ಅಲ್ಲೇ ಕೂತು ಭಜನೆಯ ಉಳಿದವರಿಗೂ ಫೋನ್ ಮಾಡಿ ಆ ಮಾತ್ರೆ ತಗೋಬೇಡಿ ಅಂದರು. ಸಂಜೆ ಸೊಸೆ ಫೋನ್ ಮಾಡಿ, ಅತ್ತೆ ಚೆನ್ನಾಗಿದ್ದಾರೆ, ಕಾಫಿ ಕೇಳ್ತಿದಾರೆ ಅಂದಳು.

ಸರೋಜಮ್ಮನಿಗೆ ವಾರಕ್ಕೆ ಎರಡೇ ಮಾತ್ರೆ ಬರೆದೆ. ಬೀರುವಿನಲ್ಲಿಟ್ಟು ಬೀಗ ಹಾಕಿ ಅಂದೆ.

"ಕೇಳಿದೋರಿಗೆ ಇಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ ಡಾಕ್ಟ್ರೇ."

"ನಮ್ಮ ಡಾಕ್ಟ್ರು ಜಿಪುಣಿ, ಎಣಿಸಿ ಕೊಡ್ತಾಳೆ ಅನ್ನಿ."

"ಅದು ಆಗ್ಲೇ ಎಲ್ಲರಿಗೂ ಗೊತ್ತು ಬಿಡಿ," ಅಂದರು.