ಚಿಕ್ಕಮ್ಮನ ಬಲಗಿವಿ

ನಮ್ಮ ಚಿಕ್ಕಮ್ಮನ ಕೆಲಸ ಏನು ಅಂತ ಹೇಳಿದರೆ ಮೊದಲ ಸಲಕ್ಕೆ ಯಾರೂ ನಂಬುವುದಿಲ್ಲ. ಕಪ್ ತಟ್ಟುವುದು. ಪಿಂಗಾಣಿ ಕಾರ್ಖಾನೆಯಲ್ಲಿ ಭಟ್ಟಿಯಿಂದ ಸುಟ್ಟು ಬಂದ ಕಪ್ಪನ್ನು ಎಡಗೈ ಬೆರಳಿಗೆ ನೇತು ಹಾಕಿಕೊಂಡು, ಸಣ್ಣ ಮರದ ಕಡ್ಡಿಯಿಂದ ಅಂಚಿಗೆ ಒಂದೇ ಒಂದು ಏಟು. ಟಿಣ್ ಅಂದರೆ ಒಳ್ಳೆಯದು. ಟಪ್ ಅಂದರೆ ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕು. ಕಣ್ಣಿಗೆ ಕಾಣುವುದಿಲ್ಲ, ಬಿಸಿ ಚಹಾ ಬಿದ್ದ ದಿನ ಕೈಯಲ್ಲೇ ಎರಡು ಹೋಳು.

ಇಪ್ಪತ್ತಾರು ವರ್ಷ ಇದೇ ಕೆಲಸ. ಕಾರ್ಖಾನೆಯಲ್ಲಿ ಅವಳ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರ ಬಾಯಲ್ಲೂ ಕಿವಿಯಮ್ಮ. ನೆಂಟರ ಮನೆಗೆ ಹೋದರೂ ಚಹಾ ಕುಡಿಯುವ ಮುಂಚೆ ಕಪ್ಪಿನ ಅಂಚಿಗೆ ಉಗುರು ತಾಗಿಸಿ ನೋಡುತ್ತಾಳೆ. ಚಿಕ್ಕಪ್ಪನಿಗೆ ನಾಚಿಕೆಯೋ ನಾಚಿಕೆ.

"ಮದುವೆಗೆ ಮುಂಚೆ ನನ್ನ ತಲೇನೂ ಹಿಂಗೇ ತಟ್ಟಿ ನೋಡಬೇಕಿತ್ತು ನೀನು" ಅಂತ ಅವನು.

"ತಟ್ಟೋದು ಯಾಕೆ? ಬಿರುಕು ದೂರದಿಂದ್ಲೇ ಕಾಣ್ತಿತ್ತಲ್ಲ" ಅಂತ ಇವಳು.

ಇಂಥ ಚಿಕ್ಕಮ್ಮನ ಬಲಗಿವಿ ಹೋದ ವರ್ಷ ಕೈಕೊಟ್ಟಿತು. ಒಂದೇ ಸಲಕ್ಕಲ್ಲ, ನಲ್ಲಿಯ ನೀರು ನಿಲ್ಲುವ ಹಾಗೆ ಸಣ್ಣಗಾಗಿ ಸಣ್ಣಗಾಗಿ ನಿಂತೇ ಹೋಯಿತು. ಎಡಗಿವಿ ಚೆನ್ನಾಗಿಯೇ ಇತ್ತು, ಆದರೆ ಬೆಂಚಿನ ಎಡಕ್ಕೇ ಬಿಸಿ ಕಪ್ ತಣಿಸುವ ದೊಡ್ಡ ಫ್ಯಾನು. ಅದರ ಗರಗರದಲ್ಲಿ ಟಿಣ್ ಯಾವುದು, ಟಪ್ ಯಾವುದು?

ಅವಳನ್ನು ಕಾಪಾಡಿದ್ದು ಗುಂಡಕ್ಕ. ಅದೇ ಬೆಂಚಿನಲ್ಲಿ ಹತ್ತೊಂಬತ್ತು ವರ್ಷದಿಂದ ಪಕ್ಕದಲ್ಲಿ ಕೂತವಳು. ಅನುಮಾನ ಬಂದ ಕಪ್ಪನ್ನು ಚಿಕ್ಕಮ್ಮ ಮಾತಿಲ್ಲದೆ ಆ ಕಡೆ ಸರಿಸುತ್ತಿದ್ದಳು. ಗುಂಡಕ್ಕ ತಟ್ಟಿ, ಒಳ್ಳೆಯದಾದರೆ ವಾಪಸು ಸರಿಸುತ್ತಿದ್ದಳು. ಇದೇನು ಧರ್ಮಕ್ಕಲ್ಲ. ಗುಂಡಕ್ಕನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಕಲೆ ಬಿದ್ದ ಕಪ್ಪನ್ನೂ ತೆಗೆದುಹಾಕಬೇಕು, ಆದರೆ ಕಪ್ಪಿನ ಹೊಳಪಿನ ಮೇಲೆ ಇರುವುದು ಕಲೆಯೋ ಬರೀ ಧೂಳೋ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಆ ಕಪ್ಪುಗಳು ಚಿಕ್ಕಮ್ಮನ ಕಡೆ ಸರಿಯುತ್ತಿದ್ದವು. ಒಬ್ಬಳ ಕಿವಿ, ಒಬ್ಬಳ ಕಣ್ಣು. ಹಾಗೆ ನಡೆದ ಒಂದಿಡೀ ವರ್ಷದಲ್ಲಿ ಒಂದೇ ಒಂದು ಕೆಟ್ಟ ಕಪ್ ಗೇಟು ದಾಟಲಿಲ್ಲ.

ಹಳೆಯ ಯಜಮಾನರ ಕಾಲದಲ್ಲಿ ಇದೆಲ್ಲ ಮಾಮೂಲು. ಅವರು ಬೈಗುಳದಲ್ಲೇ ಬೆಳಗು ಮಾಡುವವರು, ಅವರ ಮುಂದೆ ಯಾರೂ ಏನನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಮೇಸ್ತ್ರಿ ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠವೇ, "ಸುಳ್ಳು ಹೇಳ್ಬೇಡ, ನಿಜಾನೂ ಹೇಳ್ಬೇಡ, ಸುಮ್ನೆ ಕೆಲ್ಸ ಮಾಡು."

ಯಜಮಾನರು ಕಾರ್ಖಾನೆ ಮಾರಿದರು. ಹೊಸ ಮ್ಯಾನೇಜರ್ ಬಂದರು. ಬೈಗುಳವಿಲ್ಲ, ಮುಖದ ತುಂಬ ನಗು. "ಸಾರ್ ಗೀರ್ ಬೇಡ, ನನ್ನ ಹೆಸರು ಹಿಡಿದೇ ಕರೀರಿ" ಅಂದರು. ಚಿಕ್ಕಮ್ಮನಿಗೆ ಹೆಸರು ನಾಲಿಗೆಗೆ ಬರಲೊಲ್ಲದು, ಸಾರ್ ಅನ್ನುವ ಹಾಗಿಲ್ಲ. ಕೊನೆಗೆ "ಇವರೇ" ಅಂತ ಕರೆದುಬಿಟ್ಟಳು. ಬೆಂಚಿನವರೆಲ್ಲ ಬಿದ್ದೂ ಬಿದ್ದೂ ನಕ್ಕರು.

"ಅಕ್ಕಾ, ಮನೇಲೊಬ್ಬರು ಇವರೇ, ಇಲ್ಲೊಬ್ಬರು ಇವರೇ! ಭಾವನಿಗೆ ಗೊತ್ತಾ?" ಅಂತ ಗುಂಡಕ್ಕ ವಾರವಿಡೀ ಕಾಡಿದಳು.

ಪ್ರತಿ ಸೋಮವಾರ ಬೆಳಗ್ಗೆ ಎಲ್ಲರೂ ದುಂಡಗೆ ನಿಲ್ಲಬೇಕು. ಒಂದು ನೀಲಿ ಚೆಂಡು ಕೈಯಿಂದ ಕೈಗೆ ಹೋಗುತ್ತದೆ. ಚೆಂಡು ಹಿಡಿದವರು ತಮ್ಮ ಒಂದು ಕೊರತೆಯನ್ನು ಎಲ್ಲರೆದುರು ಹೇಳಬೇಕು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ, "ಹೇಳಿಕೊಂಡ ತಪ್ಪು ತಪ್ಪಲ್ಲ." ಜನ ಬಲು ಜಾಣರು. ಮೇಸ್ತ್ರಿ ಚೆಂಡು ಹಿಡಿದು, "ನಾನು ಅತಿಯಾಗಿ ಕೆಲ್ಸ ಮಾಡ್ತೀನಿ, ಅದೇ ನನ್ನ ಕೊರತೆ" ಅಂದ. ಹತ್ತು ಗಂಟೆಗೆ ಬಂದು ಹನ್ನೊಂದಕ್ಕೆ ಆಕಳಿಸುವ ಮನುಷ್ಯ! ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಅದೇ ಕಾರ್ಖಾನೆಯ ಆಫೀಸಿನಲ್ಲಿ ಟೈಪು ಮಾಡುವ ಕೆಲಸದಲ್ಲಿದ್ದೆ. ಒಂದು ಭಾನುವಾರ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು ಕಿವಿಯ ವಿಷಯ ಎಲ್ಲವನ್ನೂ ಹೇಳಿದಳು.

"ಬೆಂಚನ್ನ ಫ್ಯಾನಿಂದ ಹತ್ತಡಿ ಆಚೆ ಹಾಕಿದ್ರೆ ಸಾಕು ಮಗಾ. ಎಡಗಿವಿ ಒಂದರಲ್ಲೇ ಸಂಭಾಳಿಸ್ತೀನಿ. ಇನ್ನು ಮೂರು ವರ್ಷ, ಆ ಬೆಂಚಿಂದಲೇ ಎದ್ದು ಮನೆಗೆ ಬರಬೇಕು ಅಂತ ಆಸೆ. ಕೇಳಲಾ?"

"ಕೇಳು ಚಿಕ್ಕಮ್ಮ. ಹಳೇ ಕಾಲ ಅಲ್ಲ ಇದು. ಇವರು ಬೇರೆ ಥರದವರು."

ನಾನೇ ಹೇಳಿದ್ದು. ನನ್ನ ಬಾಯಿಂದಲೇ.

ಸೋಮವಾರ ಚೆಂಡು ಅವಳ ಕೈಗೆ ಬಂತು. ಅದನ್ನು ಹಸಿ ಜೇಡಿಮಣ್ಣಿನ ಕಪ್ಪಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇವರೇ, ನನ್ನ ಬಲಗಿವಿ ಕೇಳಿಸಲ್ಲ. ಒಂದು ವರ್ಷ ಆಯ್ತು. ಅನುಮಾನ ಬಂದಿದ್ದನ್ನ ನಮ್ಮ ಗುಂಡಕ್ಕನೇ ತಟ್ಟಿ ನೋಡ್ತಾಳೆ. ಅವಳು ಇಲ್ದಿದ್ರೆ ನನ್ನ ಕಥೆ ಮುಗೀತಿತ್ತು. ಬೆಂಚು ಸ್ವಲ್ಪ ಆಚೆ ಹಾಕಿಸಿದ್ರೆ..."

ಗುಂಡಕ್ಕನ ಕಣ್ಣಿನ ಸುದ್ದಿ ಮಾತ್ರ ಎತ್ತಲಿಲ್ಲ. ಅದು ಅವಳದು, ಬೇಕಾದರೆ ಅವಳೇ ಹೇಳಿಕೊಳ್ಳಲಿ.

ಮ್ಯಾನೇಜರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನೋಡಿ, ಧೈರ್ಯ ಅಂದ್ರೆ ಇದು!" ಅಂತ ಜೋರಾಗಿ ಚಪ್ಪಾಳೆ ತಟ್ಟಿದರು. ಗುಂಡಕ್ಕನಿಗೂ ಒಂದು ಚಪ್ಪಾಳೆ ಆಯಿತು. ಅವಳು ಮಾತ್ರ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು.

ಗುರುವಾರ ಎರಡು ಕಾಗದ ಹೊರಟವು. ಎರಡನ್ನೂ ಟೈಪು ಮಾಡಿದವಳು ನಾನು. ಮೊದಲನೆಯದು ಚಿಕ್ಕಮ್ಮನಿಗೆ: ನಿಮ್ಮ ಆರೋಗ್ಯದ ಹಿತದೃಷ್ಟಿಯಿಂದ ಒಡಕು ಶೆಡ್ಡಿಗೆ ವರ್ಗ. ಬೇಡವೆಂದು ತೆಗೆದ ಕಪ್ಪುಗಳನ್ನು ಯಾರೂ ಹೊರಗೆ ಮಾರದ ಹಾಗೆ ಸುತ್ತಿಗೆಯಲ್ಲಿ ಒಡೆಯುವ ಜಾಗ ಅದು. ಎರಡನೆಯದು ಗುಂಡಕ್ಕನಿಗೆ: ಒಂದು ವರ್ಷ ವಿಷಯ ಮುಚ್ಚಿಟ್ಟಿದ್ದಕ್ಕೆ ಎಚ್ಚರಿಕೆ, ಇನ್ನೊಂದು ತಪ್ಪು ಕಂಡರೆ ಮನೆಗೆ. ಒಂದಕ್ಷರವೂ ತಪ್ಪಲಿಲ್ಲ.

ಚಿಕ್ಕಮ್ಮ ಕಾಗದ ಹಿಡಿದು ಮ್ಯಾನೇಜರ್ ಕೋಣೆಗೇ ಬಂದಳು.

"ಇವರೇ, ನನ್ನಿಂದ ಒಂದಾದ್ರೂ ಬಿರುಕು ಕಪ್ ಹೊರಗೆ ಹೋಗಿದ್ಯಾ?"

"ಇಲ್ಲಮ್ಮ."

"ಮತ್ತೆ? ಗೋಡೆ ಮೇಲೆ ಬರ್ಸಿದ್ದೀರಲ್ಲ."

"ಅಯ್ಯೋ, ತಪ್ಪು ಅಂತ ಯಾರು ಹೇಳಿದ್ರು? ಇದು ಶಿಕ್ಷೆ ಅಲ್ಲ, ನಿಮ್ಮ ಒಳ್ಳೇದಕ್ಕೇನೇ. ಎಲ್ಲದಕ್ಕೂ ಒಂದು ನಿಯಮ ಇರತ್ತಲ್ವಾ? ಮತ್ತೆ ನಿಮ್ಮ ಸಲಹೆ ತುಂಬ ಹಿಡಿಸ್ತು ನಮಗೆ. ಬೆಂಚನ್ನ ಇವತ್ತೇ ಹತ್ತಡಿ ಆಚೆ ಹಾಕಿಸಿದ್ದೀನಿ!"

ನಿಜವಾಗಿಯೂ ಹಾಕಿಸಿದ್ದರು. ಅವಳ ಜಾಗದಲ್ಲಿ ಹೊಸಬಳೊಬ್ಬಳು ಕೂತಿದ್ದಳು.

ಸಂಜೆ ಗೇಟಿನ ಹತ್ತಿರ ಗುಂಡಕ್ಕ ದಾರಿಗೆ ಅಡ್ಡ ನಿಂತಳು.

"ನಿನ್ನ ಕಿವಿ ವಿಷ್ಯ ನೀನು ಊರಿಗೆಲ್ಲ ಸಾರ್ಕೋ ಅಕ್ಕಾ, ಯಾರು ಬೇಡ ಅಂದ್ರು? ನನ್ನನ್ನ ಯಾಕೆ ಎಳ್ದೆ ಮಧ್ಯಕ್ಕೆ?"

"ಹೊಗಳಿದ್ನಲ್ಲೇ ಗುಂಡೀ..."

"ಹೊಗಳಿದ್ಲಂತೆ! ಆ ಹೊಗಳಿಕೇನ ಉಪ್ಪು ಹಾಕಿ ಮಡಗಿಕೋ."

ಆವತ್ತೇ ಕೊನೆ. ಹತ್ತೊಂಬತ್ತು ವರ್ಷ ಒಂದೇ ಡಬ್ಬಿ ಹಂಚಿ ಉಂಡವರು, ಈಗ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಾರೆ.

ಮೊನ್ನೆ ಮಧ್ಯಾಹ್ನ ನಾನು ಒಡಕು ಶೆಡ್ಡಿಗೆ ಹೋದೆ. ತಗಡಿನ ಮಾಡು, ಚೂರುಗಳ ಗುಡ್ಡ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತ ಚಿಕ್ಕಮ್ಮ. ಅಷ್ಟರಲ್ಲಿ ಗುಂಡಕ್ಕ ಒಂದು ಟ್ರೇ ಕಪ್ ತಂದು ರಾಶಿಯ ಪಕ್ಕ ಕುಕ್ಕಿ, ತಿರುಗಿಯೂ ನೋಡದೆ ಹೋದಳು. ಚಿಕ್ಕಮ್ಮ ಒಂದನ್ನು ಎತ್ತಿಕೊಂಡಳು. ಕಪ್ಪಿನ ಹೊಟ್ಟೆಯ ಮೇಲೊಂದು ಕರೀ ಚುಕ್ಕೆ. ಹೆಬ್ಬೆರಳಿನಿಂದ ಉಜ್ಜಿದಳು, ಚುಕ್ಕೆ ಹೋಯಿತು. ಬರೀ ಧೂಳು. ಬೆರಳಿಗೆ ನೇತು ಹಾಕಿ ಎಡಗಿವಿಯ ಹತ್ತಿರ ತಟ್ಟಿದಳು. ಟಿಣ್! ಎರಡನೆಯದು, ಮೂರನೆಯದು, ತಟ್ಟಿದ್ದೆಲ್ಲ ಹಾಗೇ. ಟ್ರೇಗೆ ಟ್ರೇಯೇ ಒಳ್ಳೆಯ ಮಾಲು ಇದ್ದ ಹಾಗಿತ್ತು.

"ಚಿಕ್ಕಮ್ಮ, ಇದೇನಿದು? ಚೆನ್ನಾಗಿರೋದೆಲ್ಲ ಇಲ್ಲಿಗೆ ಬರ್ತಿದ್ಯಲ್ಲ!"

"ದಿನಾ ಬರತ್ತೆ. ಕಾಣಲ್ಲ ಅವಳಿಗೆ. ಆ ಕಾಗದ ಬಂದ ಮೇಲೆ ಹೆದರ್ಕೊಂಡು, ಅನುಮಾನ ಬಂದಿದ್ದನ್ನೆಲ್ಲ ತೆಗೆದು ಹಾಕ್ತಾಳೆ."

"ಹೋಗಿ ಹೇಳೋಣ. ಇಷ್ಟು ಮಾಲು ಹಾಳಾಗ್ತಿದೆ, ನೀನು ಬೆಂಚಲ್ಲಿದ್ರೇನೇ ಸರಿ ಅಂತ ಅವರಿಗೇ ಗೊತ್ತಾಗತ್ತೆ. ನಿನ್ನ ಜಾಗ ನಿನಗೆ ವಾಪಸ್ ಸಿಗಬಹುದು."

"ಸಿಗಬಹುದು." ಚಿಕ್ಕಮ್ಮ ಕಪ್ಪನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಅವಳ ಕಣ್ಣಿನ ಸುದ್ದಿ ಹೇಳ್ದೆ ಇದನ್ನ ಹೇಗೆ ಹೇಳ್ಲಿ?"

ನಾನು ಟ್ರೇಯಿಂದ ಇನ್ನೊಂದು ಕಪ್ ಎತ್ತಿ ಧೂಳು ಒರೆಸಿದೆ.

"ನೀನೂ ಹೇಳ್ಬೇಡ. ಟೈಪು ಮಾಡೋಕೆ ಇನ್ನೊಂದು ಕಾಗದ ಬೇಕಾ ನಿಂಗೆ?"

ಕಪ್ಪನ್ನು ಕಲ್ಲಿನ ಮೇಲೆ ಇಟ್ಟು ಸುತ್ತಿಗೆ ಎತ್ತಿದಳು. ಬಿಳಿ ಚೂರು ನನ್ನ ಕಾಲಿನವರೆಗೂ ಹಾರಿತು. ಆಮೇಲೆ ಮುಂದಿನ ಕಪ್ಪಿಗೆ ಕೈ ಹಾಕಿದಳು. ಅದನ್ನು ತಟ್ಟಿ ನೋಡಲಿಲ್ಲ.